ರತ್ನಾವತಿಯ ಬೋಣಿ

ಬೋಣಿ ಆಗುವ ತನಕ ರತ್ನಾವತಿಯ ಮುಖ ಕಾಣಬಾರದು.

ಅನಂತ ಸ್ಟೋರ್ಸಿನ ನಿಯಮ ಅದು. ಎಲ್ಲಿಯೂ ಬರೆದು ಹಾಕಿರಲಿಲ್ಲ. ಬರೆದರೆ ಕೇಸಾಗುತ್ತದೆ ಎಂಬಷ್ಟು ಬುದ್ಧಿ ಮಾಲೀಕರಿಗಿತ್ತು. ಮಾಲಕಿ ಇಂದಿರಮ್ಮ ಬಾಯಲ್ಲಿ ಹೇಳಿದ್ದರು. ರತ್ನಾವತಿ ಕೆಲಸಕ್ಕೆ ಸೇರಿದ ದಿನ ಹೇಳಿದ ಮಾತು ಅವಳ ತಲೆ ನರೆತ ಮೇಲೂ ಹಾಗೇ ಇತ್ತು.

ಅಂಗಡಿ ಇದ್ದದ್ದು ಕೋಲ್ಕತ್ತದ ಲೇಕ್ ಮಾರ್ಕೆಟ್ಟಿನಲ್ಲಿ. ಕಾಫಿಪುಡಿ, ಹಪ್ಪಳ, ಉಪ್ಪಿನಕಾಯಿ, ದೋಸೆ ಅಕ್ಕಿ, ಬಾಳೆಲೆ, ದಕ್ಷಿಣದವರಿಗೆ ಬೇಕಾದದ್ದೆಲ್ಲ ಅಲ್ಲಿ ಸಿಗುತ್ತಿತ್ತು. ಮುಂಬಾಗಿಲು ದೊಡ್ಡ ಬೀದಿಗೆ. ಹಿಂಬಾಗಿಲು ಮೀನು ತೊಳೆದ ನೀರು ಹರಿಯುವ ಗಲ್ಲಿಗೆ. ಬೆಳಿಗ್ಗೆ ಇಂದಿರಮ್ಮನ ಮಗ ದಿನೇಶ ಶಟರ್ ಎತ್ತಿ, ಕೃಷ್ಣನ ಪಟಕ್ಕೆ ಊದುಬತ್ತಿ ಹಚ್ಚಿ ಗಲ್ಲಾದಲ್ಲಿ ಕೂರುತ್ತಿದ್ದ. ದಿನದ ಮೊದಲ ಗಿರಾಕಿ ಕೊಟ್ಟ ನೋಟನ್ನು ಕಣ್ಣಿಗೊತ್ತಿಕೊಂಡು, ಪಟಕ್ಕೆ ತೋರಿಸಿ, ಹಿಂದಕ್ಕೆ ತಿರುಗಿ "ಆಯ್ತು" ಅನ್ನುತ್ತಿದ್ದ. ಆಗ ಹಿಂಬಾಗಿಲಿನ ಚಿಲಕ ತೆಗೆಯುತ್ತಿದ್ದರು. ಅಲ್ಲಿಯವರೆಗೆ ರತ್ನಾವತಿ ಗಲ್ಲಿಯಲ್ಲಿ ನಿಂತಿರಬೇಕು.

ಕೆಲವು ದಿನ ಗಿರಾಕಿ ಬೇಗ ಬರುತ್ತಿದ್ದ. ಕೆಲವು ದಿನ ಬಿಸಿಲೇರಿದರೂ ಬರುತ್ತಿರಲಿಲ್ಲ. ಜ್ವರ ಬಂದ ದಿನ ನಿಂತಳು. ಮುಟ್ಟಾಗಿ ಸೊಂಟ ಬಿಟ್ಟುಹೋದ ದಿನ ನಿಂತಳು. ಗೋಡೆಗೆ ಒರಗಿದರೆ ಪಾಚಿ. ಕೂರೋಣ ಅಂದರೆ ಚರಂಡಿ. ಆ ನೀರಿನಲ್ಲಿ ನಿಂತು ನಿಂತು ಕಾಲ್ಬೆರಳ ಸಂದು ಕೊಳೆತಿತ್ತು, ಹಿಮ್ಮಡಿ ಒಡೆದಿತ್ತು. ಒಳಗಿನಿಂದ "ಆಯ್ತು" ಕೇಳಿದರೆ ಸಾಕು, ಬದುಕಿದೆ ಅನ್ನಿಸುತ್ತಿತ್ತು. ಹಾಗೆ ಅನ್ನಿಸುತ್ತಿದ್ದದ್ದನ್ನು ಈಗ ನೆನೆಸಿಕೊಂಡರೆ ಅವಳ ಮೈ ಉರಿಯುತ್ತದೆ.

ಮಾಡಿದ ತಪ್ಪಾದರೂ ಏನು? ಬ್ರಹ್ಮಾವರದ ಕಡೆಯ ಕೇರಿಯೊಂದರಲ್ಲಿ ಹುಟ್ಟಿದ್ದು. ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಗಂಡನ ಹಿಂದೆ ಈ ಊರಿಗೆ ಬಂದದ್ದು. ಅವನು ಸತ್ತದ್ದು. ಜಾತಿ ಒಂದು ಕಡೆಯಿಂದ, ಬೋಳು ಹಣೆ ಇನ್ನೊಂದು ಕಡೆಯಿಂದ. ಇಂದಿರಮ್ಮ ಕರೆದು ಕೆಲಸ ಕೊಟ್ಟರು. "ನಮ್ಮೂರಿನ ಹೆಂಗಸಲ್ವಾ, ಪಾಪ" ಎಂದು ಬಂದವರಿಗೆಲ್ಲ ಹೇಳಿಕೊಂಡರು. ಆ ಪಾಪದವಳಿಂದ ಏನೇನು ಮಾಡಿಸಿಕೊಂಡರು ಎಂದು ಯಾರಿಗೂ ಹೇಳಲಿಲ್ಲ.

ಹುಣಸೆಹಣ್ಣಿನ ಬೀಜ ಬಿಡಿಸಿದ್ದು ಅವಳು. ಮೂಟೆಗಟ್ಟಲೆ ಒಣಮೆಣಸಿನ ತೊಟ್ಟು ಮುರಿದದ್ದು, ಹುರಿದದ್ದು, ಕುಟ್ಟಿದ್ದು ಅವಳು. ಹುರಿಯುವಾಗ ಹಿಂದಿನ ಕೋಣೆಯ ಕಿಟಕಿ ತೆಗೆಯುವ ಹಾಗಿಲ್ಲ, ಘಾಟು ಗಿರಾಕಿಗಳ ಮೂಗಿಗೆ ಹೋಗುತ್ತದೆ. ಹೊರಗೆ ಹೋಗಬೇಕಾದದ್ದು ಅವಳ ಎದೆಗೆ ಹೋಯಿತು. ಕೈ ಎಷ್ಟು ಉರಿಯುತ್ತಿತ್ತೆಂದರೆ ಮನೆಗೆ ಹೋಗಿ ಕಣ್ಣು ಒರೆಸಿಕೊಳ್ಳಲೂ ಹೆದರುತ್ತಿದ್ದಳು. ಊರಿನಿಂದ ತಂದ ತಾಯಿಯ ಮೊರ ಒಂದಿತ್ತು. ಅಂಚು ಬಿಚ್ಚಿದಲ್ಲಿ ಹಸಿರು ಸೀರೆಯ ತುಂಡು ಸುತ್ತಿ ಹೊಲಿದಿದ್ದಳು. ಅದರಲ್ಲಿ ಕೇರದ ಒಂದು ಮುಷ್ಟಿ ಕೊತ್ತಂಬರಿ ಆ ಅಂಗಡಿಯಿಂದ ಹೊರಗೆ ಹೋಗಿರಲಿಲ್ಲ. ಇಡೀ ಲೇಕ್ ಮಾರ್ಕೆಟ್ಟಿನ ಮಡಿವಂತರು ಅವಳು ಕುಟ್ಟಿದ ಪುಡಿಯ ಸಾರು ಸುರಿದುಕೊಂಡು ಉಂಡರು. ಒಣ ಸಾಮಾನಿಗೆ ಮೈಲಿಗೆ ಇಲ್ಲವಂತೆ. ಆ ಶಾಸ್ತ್ರವೂ ಇಂದಿರಮ್ಮನದೇ. ದುಡಿಮೆ ಒಣ ಸಾಮಾನು, ಮುಖ ಮಾತ್ರ ಹಸಿ.

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಊರೆಲ್ಲ ನೀರು ನಿಂತಿತು. ಗಲ್ಲಿಯಲ್ಲಿ ಸೊಂಟದವರೆಗೆ. ಹಿಂಬಾಗಿಲಿನ ಅಡಿಯಿಂದ ನೀರು ಒಳಗೆ ನುಗ್ಗುತ್ತಿತ್ತು. ಒಳಗೆ ನೆಲದ ಮೇಲೆ ಅಕ್ಕಿಗೋಣಿಗಳು. ಗೋಣಿ ಹೊರುವ ಶೀನ ಒಬ್ಬನೇ ಬಂದಿದ್ದ, ತನ್ನಲ್ಲಿದ್ದ ಇನ್ನೊಂದು ಬೀಗದ ಕೈಯಿಂದ ಶಟರ್ ಎತ್ತಿದ್ದ. ಅವನೂ ಕರಾವಳಿಯವನೇ, ಅವಳಿಗಿಂತ ಹಿರಿಯ. ಬೀದಿಯ ಕಡೆಯಿಂದ ಕೂಗಿದ: "ರತ್ನಾ, ಇಲ್ಲಿಂದ ಬಾ ಮಾರಾಯ್ತಿ! ಅಕ್ಕಿ ಎಲ್ಲ ಹೋಗ್ತದೆ!"

ಬೋಣಿ ಆಗಿರಲಿಲ್ಲ. ಅವಳು ಒಂದು ಗಳಿಗೆ ನಿಂತಳು. ಆಮೇಲೆ ಸೀರೆ ಎತ್ತಿ ಕಟ್ಟಿ ಮುಂಬಾಗಿಲಿನಿಂದ ಒಳಗೆ ನುಗ್ಗಿದಳು. ಇಬ್ಬರೂ ಸೇರಿ ಗೋಣಿಗಳನ್ನು ಎತ್ತಿ ಅಟ್ಟಕ್ಕೆ ಹಾಕಿದರು. ಅವಳ ಬೆನ್ನು ಅವತ್ತು ಹಿಡಿದದ್ದು ಮತ್ತೆ ಪೂರ್ತಿ ಬಿಡಲಿಲ್ಲ. ಒಂದು ಕಾಳು ಅಕ್ಕಿ ನೆನೆಯಲಿಲ್ಲ. ದಿನೇಶ ಬಂದವನು ಅಕ್ಕಿ ನೋಡಲಿಲ್ಲ. ಹೊಸ್ತಿಲ ಮೇಲಿದ್ದ ಅವಳ ಹೆಜ್ಜೆಯ ಕೆಸರು ನೋಡಿದ.

"ಮುಂದಿನಿಂದ ಬಂದದ್ದಾ ನೀನು?" ಎಂದ. ಅಷ್ಟೇ ಎಂದ. ಆದರೆ ಸಂಜೆಯೊಳಗೆ ಹೊಸ್ತಿಲಿಗೆ ಸಗಣಿ ನೀರು ಬಿತ್ತು. ಈ ಊರಿನಲ್ಲಿ ಸಗಣಿ ಎಲ್ಲಿಂದ ತಂದರೋ ದೇವರಿಗೇ ಗೊತ್ತು.

ಅಂಗಡಿಯ ವ್ಯಾಪಾರ ಮೊದಲೇ ಇಳಿಯುತ್ತಿತ್ತು. ಕಣ್ಣಿದ್ದವರಿಗೆ ಕಾಣುತ್ತಿತ್ತು. ಮೊಬೈಲಿನಲ್ಲಿ ಬೆರಳಾಡಿಸಿದರೆ ಕಾಫಿಪುಡಿಯೂ ದೋಸೆಹಿಟ್ಟೂ ಮನೆಬಾಗಿಲಿಗೆ ಬರುತ್ತಿದ್ದವು. ಹಳೇ ಗಿರಾಕಿಗಳು ಸತ್ತಿದ್ದರು, ಅವರ ಮಕ್ಕಳಿಗೆ ಅಂಗಡಿಗೆ ಬರುವ ಪುರುಸೊತ್ತಿರಲಿಲ್ಲ. ದಿನೇಶನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಅವನು ಇನ್ನೊಂದು ಕಾರಣ ಹಿಡಿದ. ಅದಕ್ಕೆ ಕೈಕಾಲು ಇತ್ತು, ಬಾಯಿ ಇರಲಿಲ್ಲ.

ಚಳಿಗಾಲದಲ್ಲಿ ಅಂಗಡಿ ಮುಚ್ಚುವ ದಿನ ಎಲ್ಲರನ್ನೂ ಮುಂದೆ ಕರೆದರು. ಹಳೇ ಗಿರಾಕಿಗಳೂ ಬಂದಿದ್ದರು. ದಿನೇಶ ಕಣ್ಣೊರೆಸಿಕೊಂಡ. ಮಾರಾಟವಾಗದೆ ಉಳಿದ ಸ್ಟೀಲ್ ಡಬ್ಬಿಗಳನ್ನು ಕೆಲಸದವರಿಗೆ ಹಂಚಿದ. ರತ್ನಾವತಿಯ ಡಬ್ಬಿಯನ್ನು ಕೈಗೆ ಕೊಡದೆ ಹಿಂಬಾಗಿಲಿನ ಮೆಟ್ಟಿಲಲ್ಲಿ ಇಟ್ಟಿದ್ದರು. ದಿನೇಶನ ಮಗಳು ಶ್ರೀರಕ್ಷಾ ಎಲ್ಲರನ್ನೂ ಬೋರ್ಡಿನ ಕೆಳಗೆ ನಿಲ್ಲಿಸಿ ಮೊಬೈಲು ಹಿಡಿದಳು. ರತ್ನಾವತಿ ಬದಿಯಲ್ಲಿ ಹೋಗಿ ನಿಂತಳು.

"ಆಂಟಿ, ಪ್ಲೀಸ್, ಸ್ವಲ್ಪ ಸೈಡಿಗೆ. ಫ್ರೇಮಲ್ಲಿ ಬರ್ತಾ ಇದ್ದೀರಿ," ಎಂದಳು ಹುಡುಗಿ.

ಫ್ರೇಮಿನಲ್ಲಿ ಬರಲಿಕ್ಕೇ ಅವಳು ನಿಂತಿದ್ದದ್ದು. ಸರಿದಳು. ಆಗ ಯಾರೋ ಒಬ್ಬರು ಗಿರಾಕಿ, ಇಷ್ಟು ಹಳೇ ಅಂಗಡಿ ಯಾಕಮ್ಮ ಮುಚ್ಚುತ್ತೀರಿ ಎಂದು ಇಂದಿರಮ್ಮನನ್ನು ಕೇಳಿದರು. ಇಂದಿರಮ್ಮ ಕುರ್ಚಿಯಲ್ಲಿ ಕೂತೇ ರತ್ನಾವತಿಯ ಕಡೆ ಗಲ್ಲ ತಿರುವಿದರು.

"ಇವಳು ಮಳೆ ದಿನ ಬೋಣಿಗೆ ಮೊದಲೇ ಮುಂಬಾಗಿಲು ದಾಟಿ ಬಂದದ್ದು. ಅವತ್ತು ಮಲಗಿದ ಅಂಗಡಿ ಏಳ್ಲಿಲ್ಲ ನೋಡಿ. ನಾನು ಯಾರನ್ನೂ ದೂರುದಿಲ್ಲ. ಕಾಲ್ಗುಣ, ಎಂತ ಮಾಡುದು?"

ಎಲ್ಲರೂ ಅವಳ ಕಾಲು ನೋಡಿದರು. ಶೀನನೂ ನೋಡಿದ, ಆಮೇಲೆ ನಾಚಿಕೊಂಡ. ರತ್ನಾವತಿ ಡಬ್ಬಿಯನ್ನು ಮೆಟ್ಟಿಲಲ್ಲೇ ಬಿಟ್ಟು ಹೋದಳು. ಮೊರ ತೆಗೆದುಕೊಳ್ಳಲು ಮರೆತಳು. ಮಾರನೆಯ ದಿನ ಬಂದರೆ ಬೀಗ.

ಅಂಗಡಿ ಮುಚ್ಚಿದರೆ ಕೆಲಸ ಹೋಗುತ್ತದೆ. ಅದು ಎಲ್ಲರಿಗೂ ಆಗುವುದು. ಶೀನನಿಗೂ ಹೋಯಿತು, ಲೆಕ್ಕ ಬರೆಯುವವನಿಗೂ ಹೋಯಿತು. ಅವರಿಗೆ ಇನ್ನೊಂದು ಬಾಗಿಲು ತಟ್ಟಬಹುದಿತ್ತು. ರತ್ನಾವತಿಗೆ ಆ ಬಾಗಿಲುಗಳಿಗೂ ಇಂದಿರಮ್ಮ ಬೀಗ ಹಾಕಿದ್ದರು. ಆ ಬೀದಿಯಲ್ಲಿ ದಕ್ಷಿಣದವರ ಅಂಗಡಿಗಳಿಗೇನು ಬರವೇ? ಒಂದೊಂದಕ್ಕೂ ಹೋಗಿ ಕೇಳಿದಳು. ಒಬ್ಬರು ಜನ ಬೇಡ ಅಂದರು, ಮಾರನೆಯ ದಿನ ಬೇರೆಯವಳನ್ನು ಇಟ್ಟುಕೊಂಡರು. ಇನ್ನೊಬ್ಬರು ಅವಳು ಮೆಟ್ಟಿಲು ಹತ್ತುವ ಮೊದಲೇ ಕೈ ಅಡ್ಡ ಹಿಡಿದರು.

ಮದುವೆ ಅಡಿಗೆಯ ಗುತ್ತಿಗೆ ಹಿಡಿಯುವ ಹಿರಿಯಣ್ಣ ಒಳ್ಳೆಯ ಮನುಷ್ಯ. ಅವರು ನೇರ ಹೇಳಿದರು. "ನಂಗೆ ಅಂಥಾದ್ದರಲ್ಲಿ ನಂಬಿಕೆ ಇಲ್ಲ ಮಾರಾಯ್ತಿ. ಆದ್ರೆ ನಾನು ಮಾಡುದು ಮದುವೆ, ಮುಂಜಿ. ಅನಂತ ಸ್ಟೋರ್ಸನ್ನು ಮುಳುಗಿಸಿದವಳು ಇಲ್ಲಿದ್ದಾಳೆ ಅಂತ ಯಾರಾದ್ರೂ ಹೇಳಿದ್ರೆ ನನ್ನ ಕಥೆ ಎಂತ?"

"ನಾನು ಎಂತ ಮುಳುಗಿಸಿದ್ದು? ನಾನು ಅಕ್ಕಿ ಎತ್ತಿದ್ದು."

"ಗೊತ್ತುಂಟು. ನಂಗೆ ಗೊತ್ತುಂಟು," ಎಂದರು ಹಿರಿಯಣ್ಣ. ಗೊತ್ತಿದ್ದವರೆಲ್ಲ ಹೀಗೇ ತಲೆ ತಗ್ಗಿಸಿ ಅವಳನ್ನು ವಾಪಸು ಕಳಿಸಿದರು.

ಕೊನೆಗೆ ಕೆಲಸ ಕೊಟ್ಟವನು ಮೀನು ಮಾರುವ ಮಿಹಿರ್. ಬಂಗಾಳಿ. ಅವಳು ಗಲ್ಲಿಯಲ್ಲಿ ನಿಲ್ಲುತ್ತಿದ್ದದ್ದನ್ನು ವರ್ಷಗಟ್ಟಲೆ ನೋಡಿದವನು. ಪೊರೆ ಹೆರೆಯಬೇಕು, ಹೊಟ್ಟೆ ಸೀಳಿ ಕರುಳು ತೆಗೆಯಬೇಕು, ಕಸದ ಬಾಲ್ದಿ ಹೊರಬೇಕು. ಮೆಣಸಿನಲ್ಲಿ ಉರಿದ ಕೈ ಈಗ ಐಸಿನಲ್ಲಿ ಮರಗಟ್ಟಿತು. ಆದರೆ ಬೆಳಿಗ್ಗೆ ಬಂದಕೂಡಲೇ ಕೂರಲು ಒಂದು ಮಣೆ ಇತ್ತು. ಮಣೆಯ ಮೇಲೆ ಕೂತ ಮೊದಲ ದಿನ ಅವಳಿಗೆ ಅಳು ಬಂತು. ಮಿಹಿರ್ ಮೀನಿನ ಮುಳ್ಳು ಚುಚ್ಚಿತೇ ಎಂದು ಕೇಳಿದ.

ಒಂದು ದಿನ ಬೆಳಿಗ್ಗೆ ಮೊದಲು ಬಂದ ಗಿರಾಕಿ ದೊಡ್ಡ ರೂಯಿ ಮೀನನ್ನು ಹಿಚುಕಿ, ಕಿವಿರು ಎತ್ತಿ ನೋಡಿ, ಚೌಕಾಸಿ ಮಾಡಿ, ಕೊಳ್ಳದೆ ಹೋದ. ಮಿಹಿರ್ ಮುಖ ಗಂಟಿಕ್ಕಿದ. ಅವರಲ್ಲೂ ಬೋಣಿ ಉಂಟು. ಅದಕ್ಕೆ ಅವರು ಬೌನಿ ಅನ್ನುತ್ತಾರೆ. ಮೊದಲ ಗಿರಾಕಿ ಬರಿಗೈಯಲ್ಲಿ ಹೋದರೆ ದಿನವೇ ಕೆಟ್ಟಿತು ಎಂದು ಅವರ ಲೆಕ್ಕ. ಅವನು ಅವಳ ಕಡೆ ತಿರುಗಿದ. ಇಬ್ಬರದೂ ಹಿಂದಿ ಬಂಗಾಳಿ ಕಲಸಿದ ಭಾಷೆ.

"ದೀದಿ, ಬೌನಿ ನೀವೇ ಮಾಡಿ."

ಅವಳ ಕೈ ಬೆನ್ನ ಹಿಂದೆ ಹೋಯಿತು. "ಬೇಡ ಮಿಹಿರ್‌ದಾ. ನನ್ನ ಕೈ ಒಳ್ಳೆಯದಲ್ಲ."

"ಏನಾಗಿದೆ ಕೈಗೆ? ತೋರಿಸಿ." ಹಿಡಿದು ನೋಡಿದ. "ಮೀನಿನ ವಾಸನೆ ಇದೆ. ಅದು ನನ್ನದಕ್ಕೂ ಇದೆ. ಕೊಡಿ ಬೇಗ."

ಅವಳು ಸೊಂಟದಲ್ಲಿದ್ದ ಒಂದು ನಾಣ್ಯ ಕೊಟ್ಟು ಒಂದು ಹಿಡಿ ಪುಂಟಿ ಎಂಬ ಸಣ್ಣ ಮೀನು ತೆಗೆದುಕೊಂಡಳು. ಮಿಹಿರ್ ನಾಣ್ಯವನ್ನು ಮೀನು ಕೊಯ್ಯುವ ಬೋಟಿ ಎಂಬ ಈಳಿಗೆಗೆ ಮುಟ್ಟಿಸಿ, ತಕ್ಕಡಿಗೆ ಮುಟ್ಟಿಸಿ, ಹಣೆಗೆ ಒತ್ತಿಕೊಂಡ. ಅವಳ ಕೈಯಿಂದ ಹೋದದ್ದನ್ನು ಒಬ್ಬರು ಹಣೆಗೆ ಒತ್ತಿಕೊಂಡದ್ದು ಅದೇ ಮೊದಲು. ಅವಳು ಆ ದಿನವಿಡೀ ಮೀನು ಹೆರೆಯುತ್ತ ಅವನ ತಕ್ಕಡಿಯನ್ನೇ ನೋಡಿದಳು. ಏನೋ ಆಗುತ್ತದೆ ಎಂದು ಕಾದಳು. ಏನೂ ಆಗಲಿಲ್ಲ. ವ್ಯಾಪಾರ ಎಂದಿನಷ್ಟೇ ಆಯಿತು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಸಂಜೆ ಬಾಲ್ದಿ ತೊಳೆಯುವಾಗ ನಗು ಬಂತು. ನಗು ಅರ್ಧಕ್ಕೆ ನಿಂತು ಸಿಟ್ಟು ಬಂತು. ಈ ಕೈಯಲ್ಲಿ ಏನೂ ಇಲ್ಲ. ಕಾಲಿನಲ್ಲೂ ಏನೂ ಇಲ್ಲ. ಹಾಗಾದರೆ ಯೌವನವೆಲ್ಲ ಚರಂಡಿಯಲ್ಲಿ ನಿಂತು ಕೊಳೆಸಿದ್ದು ಏನಕ್ಕೆ? ಅವಳು ಬಾಲ್ದಿಯನ್ನು ಎತ್ತಿ ಗೋಡೆಗೆ ಅಪ್ಪಳಿಸಿದಳು. ಅದರ ಕಿವಿ ಮುರಿಯಿತು. ಮಿಹಿರ್ ನೋಡಿದ, ಮುರಿದ ಕಿವಿಯನ್ನು ಹೆಕ್ಕಿ ಬದಿಗಿಟ್ಟ.

ಬಂಗಾಳಿಗಳ ಚೈತ್ರದ ಕೊನೆಗೆ ಶೀನ ಅವಳನ್ನು ಹುಡುಕಿಕೊಂಡು ಮೀನಿನ ಸಾಲಿಗೆ ಬಂದ. ಭುಜದ ಮೇಲೆ ಹೊಸ ಗಾಯ. ದಿನಗೂಲಿಗೆ ಸಾಮಾನು ಹೊರುತ್ತಿದ್ದ.

"ನಿನ್ನೆ ನಾನು ಎಲ್ಲಿಗೆ ಹೊತ್ತದ್ದು ಗೊತ್ತುಂಟಾ ರತ್ನಾ? ನಮ್ಮ ಅಂಗಡಿಗೆ."

"ಯಾವ ನಮ್ಮ ಅಂಗಡಿ?"

"ಅದೇ ಮಾರಾಯ್ತಿ. ಅವರು ಮುಚ್ಚಿದ್ದಲ್ಲ. ನಮ್ಮನ್ನು ಹೊರಗೆ ಹಾಕಿ ನೆಲ ತೊಳೆದದ್ದು. ಒಳಗೆ ಎಲ್ಲ ಗಾಜು, ಲೈಟು. ಕಾಫಿ ಮಿಷನ್ ಹೊರಲಿಕ್ಕೆ ಕೂಲಿ ಕರೆದ್ರು, ನಾನು ಹೋದೆ. ಟೊಪ್ಪಿ ಹಾಕಿದ ಒಬ್ಬಳು ಹುಡುಗಿ ನಂಗೆ, ಗೋಡೆಗೆ ತಾಗಿಸಬೇಡ ಕಾಕಾ ಅಂತಾಳೆ. ಆ ಗೋಡೆಗೆ ಬೆನ್ನು ಕೊಟ್ಟೇ ನಾನು ಮುದುಕ ಆದದ್ದು." ಅವನು ನೆಲಕ್ಕೆ ಉಗುಳಿದ. "ನಿನ್ನ ಮೊರ ಉಂಟಲ್ಲ, ಅದನ್ನು ಗೋಡೆಗೆ ನೇತು ಹಾಕಿದ್ದಾರೆ. ಅದಕ್ಕೊಂದು ಲೈಟು."

"ನನ್ನ ಮೊರಕ್ಕೆ ಲೈಟಾ?"

"ಷೋಕಿಗೆ. ಬಿಸುವಿನ ದಿನ ಬೆಳಿಗ್ಗೆ ಓಪನಿಂಗು."

ಆ ವರ್ಷ ಕರಾವಳಿಯವರ ಬಿಸುವೂ ಬಂಗಾಳಿಗಳ ಪೊಯ್ಲಾ ಬೊಯ್ಶಾಖೂ ಒಂದೇ ದಿನ ಬಂದಿದ್ದವು. ಎರಡೂ ಹೊಸ ವರ್ಷ. ಬಂಗಾಳಿ ಅಂಗಡಿಗಳಲ್ಲೂ ಅವತ್ತು ಹೊಸ ಲೆಕ್ಕ, ಸಿಹಿ ಹಂಚುವುದು. ದಿನೇಶ ದಿನ ನೋಡುವುದರಲ್ಲಿ ಗಟ್ಟಿಗ.

ರತ್ನಾವತಿ ಕೈಯಲ್ಲಿದ್ದ ಮೀನಿನ ತಲೆಯನ್ನು ಬೋಟಿಗೆ ಒತ್ತಿದಳು. ಅದು ಎರಡಾಯಿತು. "ನನ್ನ ಕಾಲಿಗೆ ಅಂಗಡಿ ಮುಳುಗಿಸುವ ಶಕ್ತಿ ಉಂಟು ಅಂತ ಅವರೇ ಅಲ್ವಾ ಶೀನಣ್ಣ ಹೇಳಿದ್ದು?"

"ಹೌದು."

"ನಂಬಿಕೆ ಅವರದ್ದು. ಇಷ್ಟು ದಿನ ಅದನ್ನು ಹೊತ್ತದ್ದು ನಾನು. ಇನ್ನು ಅವರೇ ಹೊರಲಿ."

ಬಿಸುವಿನ ದಿನ ಅವಳು ಮಿಂದಳು. ಮೀನಿನ ವಾಸನೆ ಹೋಗಲಿಲ್ಲ, ಹೋಗಲಿ ಎಂದು ಉಜ್ಜಲೂ ಇಲ್ಲ. ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಚೇತ್ಲಾ ಕೊಳೆಗೇರಿಯ ತನ್ನ ಮನೆಯಿಂದ ನಡೆದು ಬಂದಳು. ದೊಡ್ಡ ಬೀದಿಯಿಂದಲೇ ಬಂದಳು. ಬೋರ್ಡಿನಲ್ಲಿ ಅನಂತ ಹಾಗೇ ಇತ್ತು. ಸ್ಟೋರ್ಸ್ ಹೋಗಿ ಕಾಫಿ ಬಾರ್ ಬಂದಿತ್ತು. ಬಾಗಿಲಿಗೆ ಚೆಂಡುಹೂವಿನ ಮಾಲೆ. ನೆಂಟರು, ಹಳೇ ಗಿರಾಕಿಗಳು, ಹಿರಿಯಣ್ಣ, ಅವಳಿಗೆ ಕೈ ಅಡ್ಡ ಹಿಡಿದ ಅಂಗಡಿಯವರು, ಎಲ್ಲರೂ ಫುಟ್‌ಪಾತಿನಲ್ಲಿ ಕಾಯುತ್ತಿದ್ದರು. ಸೆರಗಿನೊಳಗಿನ ಅವಳ ಮುಖವನ್ನು ಯಾರೂ ಗುರುತಿಸಲಿಲ್ಲ. ಬೋಣಿ ಮಾಡಲು ಕೈಗುಣ ಒಳ್ಳೆಯದಿರುವ ಶಾಂತಮ್ಮ ಎಂಬ ಮುತ್ತೈದೆಯನ್ನು ಗೊತ್ತುಮಾಡಿದ್ದರು. ರೇಷ್ಮೆ ಸೀರೆಯ ಆ ತಾಯಿ ಯಾರದೋ ಜೊತೆ ತಮ್ಮ ಸೊಸೆಯ ಬಸುರಿನ ಮಾತಾಡುತ್ತ ನಿಂತಿದ್ದರು.

ಒಳಗೆ ಪೂಜೆ ಮುಗಿದು ಗಂಟೆ ಹೊಡೆಯಿತು. ಬಾಗಿಲು ತೆರೆಯಿತು. ಬಾಗಿಲಲ್ಲಿ ಟೊಪ್ಪಿ ಹಾಕಿದ ಹುಡುಗ ಹುಡುಗಿಯರು. ಎಲ್ಲರೂ ಹೊಸಬರು. ಹಳಬ ಒಬ್ಬ ಇದ್ದಿದ್ದರೂ ಸಾಕಿತ್ತು, ಅವಳನ್ನು ಮೆಟ್ಟಿಲ ಕೆಳಗೇ ತಡೆಯುತ್ತಿದ್ದ. ಹಳಬರನ್ನೆಲ್ಲ ದಿನೇಶನೇ ಹೊರಗೆ ಹಾಕಿದ್ದ. ಈ ಬಾಗಿಲಿನಲ್ಲಿ ರತ್ನಾವತಿಯನ್ನು ತಡೆಯಬೇಕು ಎಂದು ಗೊತ್ತಿದ್ದ ಒಬ್ಬನೂ ಉಳಿದಿರಲಿಲ್ಲ. ಅವಳು ಮೊದಲ ಮೆಟ್ಟಿಲು ಹತ್ತಿದಳು. ಎರಡನೆಯದು ಹತ್ತಿದಳು.

"ವೆಲ್‌ಕಮ್ ಮೇಡಮ್!" ಎಂದು ಹುಡುಗಿ ಕೈಮುಗಿದು ಒಳಗೆ ಕರೆದಳು.

ಮುಂಬಾಗಿಲಿನಿಂದ. ಕೈಮುಗಿದು.

ಗಾಜಿನ ಕಟ್ಟೆಯ ಹಿಂದೆ ಶ್ರೀರಕ್ಷಾ ಮೊಬೈಲು ಎತ್ತಿ ಹಿಡಿದಿದ್ದಳು. ಮೊದಲ ಬೋಣಿಯನ್ನು ಉಡುಪಿಯ ನೆಂಟರೆಲ್ಲ ಅಲ್ಲಿಂದಲೇ ಲೈವ್ ನೋಡುತ್ತಿದ್ದರು. ರತ್ನಾವತಿ ನೇರ ಕಟ್ಟೆಗೆ ಹೋಗಿ ಒಂದು ಕಾಫಿ ಎಂದಳು. ನೋಟು ಕೊಟ್ಟಳು. ಕಟ್ಟೆಯ ಹುಡುಗಿ ಅದನ್ನು ಹಿಡಿದು, "ಫಸ್ಟ್ ಕಸ್ಟಮರ್!" ಎಂದು ಕೂಗಿದಳು. ಟೊಪ್ಪಿಯವರೆಲ್ಲ ಚಪ್ಪಾಳೆ ತಟ್ಟಿದರು. ಆಗ ರತ್ನಾವತಿ ತಲೆಯ ಮೇಲಿನ ಸೆರಗು ಇಳಿಸಿ ಮೊಬೈಲಿನ ಕಡೆ ಮುಖ ಮಾಡಿದಳು. ಪೂರ್ತಿ ಮುಖ. ಈ ಸಲ ಫ್ರೇಮಿನ ನಡುವೆ.

ಶ್ರೀರಕ್ಷಾಳ ನಗು ನಿಂತಿತು. "ಪಪ್ಪಾ," ಎಂದಳು. ಮೊಬೈಲು ಕೆಳಗಿಳಿಸಲು ಅವಳಿಗೆ ಹೊಳೆಯಲಿಲ್ಲ.

ದಿನೇಶ ಆರತಿ ತಟ್ಟೆ ಹಿಡಿದು ಒಳಗಿನಿಂದ ಬಂದವನು ನಿಂತಲ್ಲೇ ನಿಂತ. ಕರ್ಪೂರ ಉರಿಯುತ್ತಿತ್ತು. ಆಮೇಲೆ ಹುಡುಗಿಯ ಕೈಯಿಂದ ನೋಟು ಕಿತ್ತುಕೊಂಡು ರತ್ನಾವತಿಯ ಕಡೆ ಚಾಚಿದ.

"ತಕೋ. ತಕೊಂಡು ಹೋಗು."

"ದಿನೇಶ!" ಮೂಲೆಯ ಕುರ್ಚಿಯಿಂದ ಇಂದಿರಮ್ಮ ಚೀರಿದರು. "ವಾಪಸ್ ಕೊಡ್ಬೇಡ! ಬೋಣಿ ವಾಪಸ್ ಕೊಟ್ರೆ ಅಂಗಡಿ ಕೊಟ್ಟ ಹಾಗೆ! ಲಕ್ಷ್ಮಿ ಹೋಗ್ತಾಳೆ!"

"ಇಟ್ಕೊಂಡ್ರೆ?"

ಇಟ್ಟುಕೊಂಡರೆ ರತ್ನಾವತಿಯ ಕೈ. ಕೊಟ್ಟರೆ ಲಕ್ಷ್ಮಿ ಇಲ್ಲ. ದಿನೇಶನ ಕೈ ಅತ್ತಲೂ ಹೋಗದೆ ಇತ್ತಲೂ ಬರದೆ ಗಾಳಿಯಲ್ಲೇ ಉಳಿಯಿತು. ಬಾಗಿಲಲ್ಲಿ ನೆಂಟರು ಕತ್ತು ಚಾಚಿ ನೋಡುತ್ತಿದ್ದರು. ರೇಷ್ಮೆ ಸೀರೆಯ ಶಾಂತಮ್ಮ ಒಳಗೆ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದರು. ಹೊಟ್ಟೆ ತಣ್ಣಗಾಗುವುದು ಅಂದರೆ ಏನು ಎಂದು ರತ್ನಾವತಿಗೆ ಆಗ ತಿಳಿಯಿತು.

"ನನ್ನ ಕಾಫಿ," ಎಂದಳು.

ಕಟ್ಟೆಯ ಹುಡುಗಿ ಗಾಬರಿಯಲ್ಲಿ ಲೋಟ ಕೊಟ್ಟಳು. ರತ್ನಾವತಿ ಬೀದಿಗೆ ಕಾಣುವ ಮೇಜಿನಲ್ಲಿ ಕೂತು ಕುಡಿದಳು. ನಿಧಾನ ಕುಡಿದಳು. ಗೋಡೆಯಲ್ಲಿ ಅಂಗಡಿ ಮುಚ್ಚಿದ ದಿನದ ದೊಡ್ಡ ಫೋಟೊ, ಅದರಲ್ಲಿ ಅವಳೊಬ್ಬಳು ಬಿಟ್ಟು ಎಲ್ಲರೂ. ಅದರ ಪಕ್ಕ ದೀಪದ ಕೆಳಗೆ ಅವಳ ಮೊರ. ಕುಡಿದು ಎದ್ದಳು. ಮೊರವನ್ನು ಮೊಳೆಯಿಂದ ಬಿಡಿಸಿ ಕಂಕುಳಲ್ಲಿ ಇಟ್ಟುಕೊಂಡಳು. ಯಾರೂ ತಡೆಯಲಿಲ್ಲ. ಮೊದಲ ಗಿರಾಕಿಗೆ ಇಲ್ಲ ಅನ್ನುವ ಧೈರ್ಯ ಯಾರಿಗಿದೆ?

ಬಾಗಿಲಲ್ಲಿ ತಿರುಗಿ ನಿಂತು ಹೇಳಿದಳು. "ಚರಂಡಿಯಲ್ಲಿ ನಿಲ್ಲಿಸಿದ್ರಿ, ನಿಂತೆ. ಅಕ್ಕಿ ಎತ್ತಿದ್ದಕ್ಕೆ ಅಂಗಡಿ ಮುಳುಗಿಸಿದವಳು ಅಂತ ಊರೆಲ್ಲ ಸಾರಿ ಅನ್ನ ಕಿತ್ಕೊಂಡ್ರಿ. ಸರಿ. ನಾಳೆಯೂ ಬರ್ತೇನೆ ದಿನೇಶ. ನಾಡಿದ್ದೂ ಬರ್ತೇನೆ. ಇನ್ನು ನಿನ್ನ ಬೋಣಿ ನನ್ನದೇ."

ಧಣಿ ಅನ್ನಲಿಲ್ಲ. ದಿನೇಶ ಅಂದಳು. ಶೀನ ಎದುರಿನ ಫುಟ್‌ಪಾತಿನಲ್ಲಿ ನಿಂತು ಕೇಳಿದ, ಅವನ ಬಾಯಿ ಮುಚ್ಚಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಬಂದಾಗ ಶಟರ್ ಇನ್ನೂ ಕೆಳಗಿತ್ತು. ಮಿಹಿರ್ ಒಂದು ಗಂಟೆ ತಡವಾದರೂ ಅಡ್ಡಿಯಿಲ್ಲ ಎಂದು ಕಳಿಸಿದ್ದ. ಅವಳು ಕೈಯಲ್ಲಿ ಬರಿ ಮೊರ ಹಿಡಿದು ಮುಂಬಾಗಿಲಿಗೆ ಎದುರಾಗಿ ನಿಂತಳು. ಬೆಳಿಗ್ಗೆ ಎದ್ದಕೂಡಲೇ ಖಾಲಿ ಮೊರ ಕಂಡರೆ ಏನು ಕೇಡೆಂದು ಇಂದಿರಮ್ಮನ ಶಾಸ್ತ್ರದಲ್ಲಿ ಇದ್ದೇ ಇರುತ್ತದೆ. ಶೀನ ಓಡಿ ಬಂದ. ನಗು ತಡೆಯಲಾರದೆ ಏದುಸಿರು ಬಿಡುತ್ತಿದ್ದ.

"ರತ್ನಾ, ನಿನ್ನನ್ನು ದೂರದಿಂದ ನೋಡಿ ಅವನು ಹಿಂದಿನ ಗಲ್ಲಿಗೆ ಹೋದ. ಮೀನಿನ ನೀರಿನಲ್ಲಿ ಪ್ಯಾಂಟು ಎತ್ತಿ ಹಿಡ್ಕೊಂಡು ಹೋಗ್ತಿದ್ದಾನೆ! ಬೂಟು ಕೈಯಲ್ಲಿ!"

ಒಳಗೆ ಹಿಂಬಾಗಿಲಿನ ಬೀಗ ತೆರೆದ ಸದ್ದು. ಆಮೇಲೆ ಹೆಜ್ಜೆ. ಶಟರಿಗೆ ಒಳಗಿನಿಂದ ಕೈ ಬಿತ್ತು. ಅದು ಒಂದು ಗೇಣು ಮೇಲೆದ್ದಿತು. ಒಳಗಿದ್ದವನಿಗೆ ಮೊದಲು ಕಂಡದ್ದು ಅವಳ ಕಾಲು. ಬೆರಳ ಸಂದು ಬಿಳಿಚಿದ, ಉಗುರು ಸವೆದ, ಅವನ ಗಲ್ಲಿಯಲ್ಲೇ ಕೊಳೆತ ಕಾಲು. ಶಟರ್ ಅಲ್ಲೇ ನಿಂತಿತು.

"ರತ್ನಾವತಿ," ಎಂದ ದಿನೇಶ ಸಂದಿನಿಂದ. ದನಿ ತಗ್ಗಿತ್ತು. "ದಮ್ಮಯ್ಯ. ಕೆಲಸ ಬೇಕಲ್ವಾ ನಿಂಗೆ? ಕೊಡ್ತೇನೆ. ಹಿಂದಿನಿಂದ ಬಾ. ಈಗಲೇ ಬಾ."

ಕೆಲಸ ಬೇಕಿತ್ತು. ಅದಕ್ಕಾಗಿ ಬೀದಿಯ ಒಂದೊಂದು ಮೆಟ್ಟಿಲನ್ನೂ ತುಳಿದಿದ್ದಳು. ಐಸಿನಲ್ಲಿ ಬೆರಳು ಮಡಿಸಲಾಗದೆ ಎಷ್ಟೋ ಸಂಜೆ ಅತ್ತಿದ್ದಳು. ಹಿಂದಿನಿಂದ ಬಾ ಎಂಬ ಒಂದು ಮಾತು ಅವನ ಬಾಯಿಂದ ಬರದಿದ್ದರೆ ಏನು ಮಾಡುತ್ತಿದ್ದಳೋ ಅವಳಿಗೂ ಗೊತ್ತಿಲ್ಲ.

"ಬೋಣಿ ಆಯ್ತಾ?" ಎಂದು ಕೇಳಿದಳು.

ಶಟರ್ ಇನ್ನೊಂದು ಬೆರಳು ಕೆಳಗಿಳಿಯಿತು.

"ಆಗ್ಲಿಲ್ಲ ಅಲ್ವಾ? ಹಾಗಾದ್ರೆ ಬೋಣಿ ಆಗುವ ತನಕ ನಿನ್ನ ಮುಖ ಹೊರಗೆ ಕಾಣುದು ಬೇಡ. ನಿಲ್ಲು ಅಲ್ಲೇ."

ಶಟರ್ ಕೈಜಾರಿ ನೆಲಕ್ಕೆ ಬಡಿಯಿತು. ಆ ಸದ್ದಿಗೆ ಬೀದಿಯವರೆಲ್ಲ ತಿರುಗಿ ನೋಡಿದರು. ಕೆಲಸಕ್ಕೆ ಬಂದ ಟೊಪ್ಪಿಯವರು ಏನು ಮಾಡಬೇಕೆಂದು ತಿಳಿಯದೆ ಫುಟ್‌ಪಾತಿನಲ್ಲಿ ನಿಂತರು. ಬಿಸಿಲು ಏರುತ್ತಿತ್ತು. ರತ್ನಾವತಿ ಮುಂಬಾಗಿಲಿನ ಮೆಟ್ಟಿಲ ಮೇಲೆ, ನಟ್ಟನಡುವೆ, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕಾಲು ಚಾಚಿದಳು.

"ಎಂತ ರತ್ನಾ, ಆಯ್ತಾ?" ಎಂದ ಶೀನ.

"ಇಲ್ಲ ಶೀನಣ್ಣ," ಎಂದಳು. "ನಿಲ್ಲಲಿ ಸ್ವಲ್ಪ."